‘ಡಿಸ್ಮಲಿ’: ಕೆಟ್ಟ ದಿನಗಳಿಂದ ಹುಟ್ಟಿದ ಒಂದು ಪದ

ಇಂಗ್ಲಿಷ್ ದಿನಪತ್ರಿಕೆಗಳನ್ನು ಓದುವವರಿಗೆ ‘ಡಿಸ್ಮಲಿ’ ಎಂಬ ಪದ ಅಪರಿಚಿತವಲ್ಲ. ಕ್ರೀಡಾಪುಟದಲ್ಲಿ ತಂಡವೊಂದು ‘ಡಿಸ್ಮಲಿ’ ಸೋತಿರುತ್ತದೆ. ವಾಣಿಜ್ಯ ಪುಟದಲ್ಲಿ ಯಾವುದೋ ಕಂಪನಿಯ ಮಾರಾಟ ‘ಡಿಸ್ಮಲಿ’ ಕಡಿಮೆಯಾಗಿರುತ್ತದೆ. ಭಾನುವಾರದ ಪುರವಣಿಯ ಕಥೆಯಲ್ಲಿ ಮುದುಕನೊಬ್ಬ ಕಿಟಕಿಯಾಚೆಯ ಮಳೆಯನ್ನು ‘ಡಿಸ್ಮಲಿ’ ನೋಡುತ್ತ ಕುಳಿತಿರುತ್ತಾನೆ. ಪದ ಒಂದೇ ಆದರೂ ಈ ಮೂರು ಕಡೆ ಅದು ಹೇಳುವ ಮಾತು ಒಂದೇ ಅಲ್ಲ.

ನಿಘಂಟು ತೆರೆದು ‘ದುಃಖಕರವಾಗಿ’, ‘ಮಂಕಾಗಿ’ ಎಂಬ ಅರ್ಥಗಳನ್ನು ಕಂಡು, ಅದನ್ನೇ ಎಲ್ಲೆಡೆ ಬಳಸಿದರೆ ಅಪಾರ್ಥವಾಗುತ್ತದೆ. ‘ತಂಡ ದುಃಖಕರವಾಗಿ ಸೋತಿತು’ ಎಂದು ಬರೆದರೆ ಸೋಲಿನಿಂದ ಯಾರಿಗೋ ದುಃಖವಾಯಿತು ಎಂದು ಓದುಗ ತಿಳಿಯುತ್ತಾನೆ. ಮೂಲ ವರದಿಗಾರ ಹೇಳಿದ್ದು ಅದನ್ನಲ್ಲ, ಆಟ ತೀರ ಕಳಪೆಯಾಗಿತ್ತು ಎಂಬುದನ್ನು. ಇಂತಹ ಗೊಂದಲವನ್ನು ನಿವಾರಿಸುವ ಉದ್ದೇಶದಿಂದ ಈ ಪದದ ಅರ್ಥ, ಮೂಲ ಹಾಗೂ ಬಳಕೆಯನ್ನು ಇಲ್ಲಿ ವಿವರಿಸಲಾಗಿದೆ.

ರೂಪ ಮತ್ತು ಉಚ್ಚಾರಣೆ

‘ಡಿಸ್ಮಲ್’ ಎಂಬುದು ವಿಶೇಷಣ. ಅದಕ್ಕೆ ‘ಲಿ’ ಪ್ರತ್ಯಯ ಸೇರಿದಾಗ ‘ಡಿಸ್ಮಲಿ’ ಎಂಬ ಕ್ರಿಯಾವಿಶೇಷಣ ಆಗುತ್ತದೆ. ಕನ್ನಡದಲ್ಲಿ ‘ಮಂಕು’ ಎಂಬುದಕ್ಕೆ ‘ಆಗಿ’ ಸೇರಿ ‘ಮಂಕಾಗಿ’ ಆಗುವಂತೆಯೇ ಇದು. ವಿಶೇಷಣದ ಕೊನೆಯಲ್ಲಿ ‘ಎಲ್’ ಅಕ್ಷರ ಒಂದೇ ಇದ್ದು, ಕ್ರಿಯಾವಿಶೇಷಣದಲ್ಲಿ ಎರಡು ‘ಎಲ್’ಗಳು ಬರುತ್ತವೆ. ಬರೆಯುವಾಗ ಒಂದನ್ನು ಬಿಡುವುದು ಸಾಮಾನ್ಯ ತಪ್ಪು. ಉಚ್ಚಾರಣೆಯಲ್ಲಿ ಮಾತ್ರ ಒತ್ತಕ್ಷರ ಕೇಳಿಸುವುದಿಲ್ಲ. ನಾವು ಬರಹದಲ್ಲಿ ‘ಡಿಸ್ಮಲಿ’ ಎಂದರೂ ಇಂಗ್ಲಿಷರ ಬಾಯಲ್ಲಿ ನಡುವಿನ ಸಕಾರ ‘ಬಿಸ್ನೆಸ್’ ಪದದ ಸಕಾರದಂತೆ ಜಕಾರದತ್ತ ವಾಲುತ್ತದೆ. ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ.

ಎರಡು ಅರ್ಥಗಳು

ಇಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಎರಡು ಅರ್ಥಗಳಿವೆ.

ಮೊದಲನೆಯದು ಮನಸ್ಸಿನ ಅಥವಾ ವಾತಾವರಣದ ಮಂಕನ್ನು ಸೂಚಿಸುವ ಅರ್ಥ. ‘ಹಿ ಶುಕ್ ಹಿಸ್ ಹೆಡ್ ಡಿಸ್ಮಲಿ’ ಎಂದರೆ ಆತ ನಿರಾಶೆಯಿಂದ ತಲೆಯಾಡಿಸಿದ ಎಂದು ಅರ್ಥ. ‘ದ ರೇನ್ ಫೆಲ್ ಡಿಸ್ಮಲಿ’ ಎಂದರೆ ಮಳೆ ಬೇಸರ ಹುಟ್ಟಿಸುವಂತೆ ಜಿನುಗುತ್ತಿತ್ತು ಎಂದು. ಇಲ್ಲಿ ಪದದೊಳಗೆ ಭಾವವಿದೆ. ಕಥೆ, ಕಾದಂಬರಿಗಳಲ್ಲಿ ಈ ಬಳಕೆಯನ್ನು ಹೆಚ್ಚಾಗಿ ಕಾಣಬಹುದು.

ಎರಡನೆಯದು ಗುಣಮಟ್ಟದ ಅಥವಾ ಪ್ರಮಾಣದ ಕೊರತೆಯನ್ನು ಸೂಚಿಸುವ ಅರ್ಥ. ‘ದ ಸ್ಕೀಮ್ ಫೇಲ್ಡ್ ಡಿಸ್ಮಲಿ’ ಎಂದರೆ ಯೋಜನೆ ಸಂಪೂರ್ಣವಾಗಿ ವಿಫಲವಾಯಿತು ಎಂದು. ‘ಡಿಸ್ಮಲಿ ಲೋ’ ಎಂದರೆ ನಾಚಿಕೆಪಡುವಷ್ಟು ಕಡಿಮೆ, ‘ಡಿಸ್ಮಲಿ ಪೂರ್’ ಎಂದರೆ ತೀರ ಕಳಪೆ. ಇಲ್ಲಿ ಪದ ಯಾರ ಮನಸ್ಥಿತಿಯನ್ನೂ ವರ್ಣಿಸುವುದಿಲ್ಲ, ಬರೆಯುವವನ ತೀರ್ಪನ್ನು ಹೇಳುತ್ತದೆ. ಪತ್ರಿಕಾ ಭಾಷೆಯಲ್ಲಿ ಹೆಚ್ಚು ಕಾಣಸಿಗುವುದು ಈ ಅರ್ಥವೇ.

ಇವೆರಡನ್ನು ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ. ಪದದ ಪಕ್ಕದಲ್ಲಿರುವ ಕ್ರಿಯಾಪದವನ್ನು ಗಮನಿಸಬೇಕು. ನೋಡು, ನಿಟ್ಟುಸಿರುಬಿಡು, ಹೇಳು, ತಲೆಯಾಡಿಸು ಮುಂತಾದ ಕ್ರಿಯೆಗಳ ಜೊತೆ ಬಂದರೆ ಅದು ಭಾವದ ಪದ. ಸೋಲು, ವಿಫಲವಾಗು, ಸಾಧಿಸು, ನಿರ್ವಹಿಸು ಮುಂತಾದವುಗಳ ಜೊತೆಗೋ ಇನ್ನೊಂದು ವಿಶೇಷಣದ ಹಿಂದೆಯೋ ಬಂದರೆ ಅದು ಅಳತೆಯ ಪದ.

‘ಡಿಸ್’ ಎಂದರೆ ನಿಷೇಧವಲ್ಲ

‘ಡಿಸ್ಲೈಕ್’, ‘ಡಿಸ್ಆನರ್’ ಮುಂತಾದ ಪದಗಳನ್ನು ಬಲ್ಲವರು ‘ಡಿಸ್ಮಲ್’ ಪದದ ಆರಂಭದಲ್ಲಿರುವುದೂ ಅದೇ ನಿಷೇಧಾರ್ಥಕ ಉಪಸರ್ಗವೆಂದು ಭಾವಿಸುವುದುಂಟು. ಹಾಗಿದ್ದರೆ ‘ಡಿಸ್’ ತೆಗೆದಾಗ ಉಳಿಯುವ ‘ಮಲ್’ ಎಂಬುದಕ್ಕೆ ಸಂತೋಷ ಎಂಬ ಅರ್ಥ ಇರಬೇಕಾಗಿತ್ತು. ಅಂತಹ ಪದ ಇಂಗ್ಲಿಷಿನಲ್ಲಿಲ್ಲ.

ಈ ‘ಡಿಸ್’ ಲ್ಯಾಟಿನ್ ಭಾಷೆಯ ‘ಡಿಯೆಸ್’ ಎಂಬುದರಿಂದ ಬಂದದ್ದು. ‘ಡಿಯೆಸ್’ ಎಂದರೆ ದಿನ. ಪ್ರತಿದಿನ ಬರೆಯುವ ‘ಡೈರಿ’ಯೂ ಇದೇ ಪದದ ಸಂತತಿ. ‘ಮಲ್’ ಎಂಬುದಕ್ಕೆ ಕೆಟ್ಟ ಎಂದು ಅರ್ಥ. ಕೆಟ್ಟ ಗಾಳಿಯಿಂದ ಬರುವ ರೋಗವೆಂದು ಹಿಂದಿನವರು ನಂಬಿದ್ದರಿಂದ ಇಟಾಲಿಯನ್ ಭಾಷೆಯಲ್ಲಿ ‘ಮಲೇರಿಯಾ’ ಎಂಬ ಹೆಸರು ಹುಟ್ಟಿತು. ಅಲ್ಲಿರುವುದೂ ಇದೇ ‘ಮಲ್’. ‘ಡಿಯೆಸ್ ಮಾಲಿ’ ಎಂದರೆ ಕೆಟ್ಟ ದಿನಗಳು. ಅದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಫ್ರೆಂಚ್ ಮಾತಿನ ಮೂಲಕ ‘ಡಿಸ್ ಮಲ್’ ಆಗಿ, ಕೊನೆಗೆ ಒಂದೇ ಪದವಾಗಿ ಇಂಗ್ಲಿಷಿಗೆ ಇಳಿಯಿತು. ಸುಮಾರು 1300ರ ಹೊತ್ತಿಗೆ ಇದು ಇಂಗ್ಲಿಷಿನಲ್ಲಿತ್ತು. ಆಗ ಅದು ವಿಶೇಷಣವಾಗಿರದೆ ನಾಮಪದವಾಗಿತ್ತು. ಪಂಚಾಂಗದ ಅಶುಭ ದಿನಗಳಿಗೆ ಅದು ಹೆಸರಾಗಿತ್ತು.

ಪಂಚಾಂಗದ ಇಪ್ಪತ್ತನಾಲ್ಕು ದಿನಗಳು

ಮಧ್ಯಯುಗದ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ದಿನಗಳನ್ನು ಅಶುಭವೆಂದು ಗುರುತಿಸಲಾಗುತ್ತಿತ್ತು. ಜನವರಿಯಲ್ಲಿ 1 ಮತ್ತು 25, ಏಪ್ರಿಲಿನಲ್ಲಿ 10 ಮತ್ತು 20, ಡಿಸೆಂಬರಿನಲ್ಲಿ 7 ಮತ್ತು 22 ಹೀಗೆ ಪಟ್ಟಿ ಸಾಗುತ್ತಿತ್ತು. ಇವುಗಳಿಗೆ ‘ಈಜಿಪ್ಟಿನ ದಿನಗಳು’ ಎಂಬ ಹೆಸರೂ ಇತ್ತು. ಈಜಿಪ್ಟಿನ ಜ್ಯೋತಿಷಿಗಳು ಇವನ್ನು ಲೆಕ್ಕ ಹಾಕಿ ಗೊತ್ತುಮಾಡಿದರೆಂಬುದು ಆ ಕಾಲದ ನಂಬಿಕೆ. ಆ ದಿನಗಳಲ್ಲಿ ಹೊಸ ಕೆಲಸ ಆರಂಭಿಸಬಾರದು, ಅಂದಿನ ವೈದ್ಯಪದ್ಧತಿಯಂತೆ ರೋಗಿಯ ಮೈಯಿಂದ ರಕ್ತ ತೆಗೆಯಬಾರದು ಎಂಬ ನಿಷೇಧಗಳಿದ್ದವು. ಇದು ಮೂಢನಂಬಿಕೆಯೆಂದು ಸಂತ ಅಗಸ್ಟೀನನಂತಹ ಕ್ರೈಸ್ತ ಗುರುಗಳು ಖಂಡಿಸಿದ್ದರೂ ಪಂಚಾಂಗಗಳಿಂದ ಈ ದಿನಗಳು ಮರೆಯಾಗಲಿಲ್ಲ.

ಇಂಗ್ಲಿಷ್ ಕವಿ ಜೆಫ್ರಿ ಚಾಸರ್ ‘ದ ಬುಕ್ ಆಫ್ ದ ಡಚೆಸ್’ ಎಂಬ ಕಾವ್ಯದಲ್ಲಿ ಈ ಪದವನ್ನು ಬಳಸಿದ್ದಾನೆ. 1368ರಲ್ಲಿ ತೀರಿಕೊಂಡ ಬ್ಲಾಂಚ್ ಎಂಬ ರಾಜವಂಶದ ಸೊಸೆಯ ನೆನಪಿಗೆ ಬರೆದ ಶೋಕಕಾವ್ಯವಿದು. ಅದರಲ್ಲಿ ಅವನು ಈ ಅಶುಭ ಕಾಲವನ್ನು ಬೈಬಲ್ಲಿನಲ್ಲಿ ಈಜಿಪ್ಟಿಗೆ ಬಂದೊದಗಿದ ಹತ್ತು ವಿಪತ್ತುಗಳೊಂದಿಗೆ ಜೋಡಿಸುತ್ತಾನೆ. ಪದದ ನಿಜವಾದ ಮೂಲ ಆ ವೇಳೆಗಾಗಲೇ ಮಸುಕಾಗತೊಡಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಕಾಲಕ್ರಮದಲ್ಲಿ ಜನರು ‘ಡಿಸ್ಮಲ್ ಡೇ’ ಎನ್ನತೊಡಗಿದರು. ಮೂಲವನ್ನು ಬಲ್ಲವರಿಗೆ ಇದು ‘ಕೆಟ್ಟ ದಿನದ ದಿನ’ ಎಂದಂತೆ ಕೇಳಿಸುತ್ತದೆ. ಆದರೆ ಈ ಪುನರುಕ್ತಿಯಿಂದಲೇ ‘ಡಿಸ್ಮಲ್’ ವಿಶೇಷಣವಾಯಿತು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಪಂಚಾಂಗದಿಂದ ಹೊರಬಂದು ಕತ್ತಲು ಕವಿದ ಕೋಣೆ, ಜಿಟಿಜಿಟಿ ಮಳೆ, ಜೋಲುಬಿದ್ದ ಮುಖ ಇವೆಲ್ಲಕ್ಕೂ ಸಲ್ಲುವ ಪದವಾಗಿತ್ತು. ಕಳಪೆ ಎಂಬ ಅರ್ಥ ಸೇರಿಕೊಂಡದ್ದು ಅನಂತರದ ಬೆಳವಣಿಗೆ.

ನಮ್ಮ ‘ದುರ್ದಿನ’

ರಾಹುಕಾಲ, ಗುಳಿಕಕಾಲ ನೋಡಿ ಹೊರಡುವ ಪದ್ಧತಿ ಇನ್ನೂ ಉಳಿದಿರುವ ನಮ್ಮ ನಾಡಿನ ಓದುಗರಿಗೆ ಈ ಕಥೆ ವಿಚಿತ್ರವೆನಿಸಲಾರದು. ಅದಕ್ಕಿಂತ ಹತ್ತಿರದ ಹೋಲಿಕೆಯೊಂದು ನಮ್ಮ ಭಾಷೆಯಲ್ಲೇ ಇದೆ. ಅದು ‘ದುರ್ದಿನ’ ಎಂಬ ಪದ.

ಇಂದು ನಾವು ‘ದುರ್ದಿನ’ ಎಂದರೆ ಕಷ್ಟಕಾಲ ಎಂದು ತಿಳಿಯುತ್ತೇವೆ. ‘ಆ ಮನೆತನಕ್ಕೆ ದುರ್ದಿನಗಳು ಬಂದವು’ ಎಂಬ ಪ್ರಯೋಗ ಸಾಮಾನ್ಯ. ಆದರೆ ಸಂಸ್ಕೃತದ ‘ಅಮರಕೋಶ’ ಈ ಪದಕ್ಕೆ ಹೇಳುವ ಅರ್ಥ ಮೋಡ ಮುಸುಕಿದ ಹಗಲು ಎಂದು. ಸೂರ್ಯ ಕಾಣದ ದಿನವೇ ಕೆಟ್ಟ ದಿನ. ‘ದಿನ’ ಮತ್ತು ‘ಡಿಯೆಸ್’ ಎರಡೂ ಬೆಳಗು, ಹೊಳೆ ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿಗೆ ಸಂಬಂಧಿಸಿದವೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಹಾಗಾಗಿ ‘ದುರ್ದಿನ’ ಮತ್ತು ‘ಡಿಸ್ಮಲ್’ ಅರ್ಥದಲ್ಲಷ್ಟೇ ಅಲ್ಲ, ಅರ್ಧಭಾಗ ರಕ್ತಸಂಬಂಧದಲ್ಲೂ ದಾಯಾದಿಗಳು. ಎರಡೂ ಕಡೆ ಕೆಟ್ಟ ದಿನವೆಂಬ ಮಾತು ಮಂಕು ಬೆಳಕಿನ ಮಾತಾಗಿದೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಈ ಎರಡು ಪದಗಳೂ ಮೂಲದಲ್ಲಿ ಕೆಟ್ಟದ್ದೆಂದು ಹೇಳಿದ್ದು ದಿನವನ್ನು. ಆ ದಿನ ಸಿಕ್ಕಿಬಿದ್ದ ಮನುಷ್ಯನನ್ನಲ್ಲ.

ಹಣೆಪಟ್ಟಿಯಾದ ಪದ

ಅನಂತರದ ಇತಿಹಾಸದಲ್ಲಿ ಈ ಎಚ್ಚರ ಉಳಿಯಲಿಲ್ಲ. ಅರ್ಥಶಾಸ್ತ್ರವನ್ನು ಇಂಗ್ಲಿಷಿನಲ್ಲಿ ‘ಡಿಸ್ಮಲ್ ಸೈನ್ಸ್’ ಎಂದು ಹಾಸ್ಯಮಾಡುವುದುಂಟು. ಜನಸಂಖ್ಯೆಯ ಏರಿಕೆಯ ಬಗ್ಗೆ 1798ರಲ್ಲಿ ಮಾಲ್ಥಸ್ ಮಂಡಿಸಿದ ನಿರಾಶೆಯ ವಾದದಿಂದ ಈ ಅಡ್ಡಹೆಸರು ಬಂದಿತೆಂದು ಅನೇಕರು ನಂಬಿದ್ದಾರೆ. ಆದರೆ ಈ ನುಡಿಗಟ್ಟು ಕಾಣಿಸಿಕೊಂಡದ್ದು ಬೇರೆಯೇ ಸಂದರ್ಭದಲ್ಲಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಬಳಿಕ, 1849ರಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಥಾಮಸ್ ಕಾರ್ಲೈಲ್ ಒಂದು ಲೇಖನ ಬರೆದ. ವೆಸ್ಟ್ ಇಂಡೀಸಿನ ಕಪ್ಪು ಜನರನ್ನು ಬಲವಂತದಿಂದಲಾದರೂ ದುಡಿಸಬೇಕು ಎಂಬುದು ಅವನ ವಾದವಾಗಿತ್ತು. ಕೂಲಿ ಮತ್ತು ದುಡಿಮೆ ಬೇಡಿಕೆ-ಪೂರೈಕೆಗಳ ನಿಯಮದಂತೆ ನಡೆಯಲಿ, ಯಾರನ್ನೂ ಬಲವಂತಪಡಿಸಬಾರದು ಎನ್ನುತ್ತಿದ್ದ ಅರ್ಥಶಾಸ್ತ್ರಜ್ಞರನ್ನು ಅವನು ಈ ಮಾತಿನಿಂದ ಹಳಿದ. 1850ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ಜಾನ್ ಸ್ಟುವರ್ಟ್ ಮಿಲ್ ಇದಕ್ಕೆ ತೀಕ್ಷ್ಣವಾದ ಉತ್ತರ ಕೊಟ್ಟ. ಇಂದು ಲಘುವಾಗಿ ಬಳಸುವ ಈ ಅಡ್ಡಹೆಸರಿನ ಹಿಂದೆ ಗುಲಾಮಗಿರಿಯ ಪರವಾದ ಸಿಟ್ಟು ಅಡಗಿದೆ.

ಇನ್ನೊಂದು ಉದಾಹರಣೆ ಅಮೆರಿಕದ ವರ್ಜೀನಿಯಾ ಮತ್ತು ಉತ್ತರ ಕೆರೋಲಿನಾ ರಾಜ್ಯಗಳ ಗಡಿಯಲ್ಲಿರುವ ‘ಗ್ರೇಟ್ ಡಿಸ್ಮಲ್ ಸ್ವಾಂಪ್’ ಎಂಬ ಜೌಗುಪ್ರದೇಶ. ಭೂಮಾಲೀಕರ ಹಾಗೂ ಅಳತೆಗಾರರ ಕಣ್ಣಿಗೆ ಅದು ಕೆಸರು, ಸೊಳ್ಳೆ, ಹಾವುಗಳಿಂದ ತುಂಬಿದ ಭಯಾನಕ ಸ್ಥಳವಾಗಿತ್ತು. ಆದರೆ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರಿಗೆ ಅದೇ ಆಸರೆಯ ತಾಣವಾಯಿತು. ಅಂತರ್ಯುದ್ಧದವರೆಗೂ ಅವರಲ್ಲಿ ಎಷ್ಟೋ ಮಂದಿ ಆ ಜೌಗಿನ ನಡುಗಡ್ಡೆಗಳಲ್ಲಿ ಮರೆಯಾಗಿ ಬದುಕಿದರು. ಹ್ಯಾರಿಯೆಟ್ ಬೀಚರ್ ಸ್ಟೋವ್ 1856ರಲ್ಲಿ ಪ್ರಕಟಿಸಿದ ‘ಡ್ರೆಡ್’ ಕಾದಂಬರಿಯ ಹಿನ್ನೆಲೆ ಇದೇ ಸ್ಥಳ. 1974ರಿಂದ ಅಲ್ಲಿ ರಾಷ್ಟ್ರೀಯ ವನ್ಯಜೀವಿ ಧಾಮವಿದೆ. ಒಬ್ಬರು ‘ಡಿಸ್ಮಲ್’ ಎಂದದ್ದು ಇನ್ನೊಬ್ಬರ ಪಾಲಿಗೆ ಬಿಡುಗಡೆಯಾಗಿತ್ತು. ಯಾವುದನ್ನೇ ಆಗಲಿ ಈ ಪದದಿಂದ ಕರೆದಾಗ, ಕರೆದವರು ಯಾರು ಎಂದು ಕೇಳಬೇಕಾದದ್ದು ಇದಕ್ಕಾಗಿ.

ನೆರೆಹೊರೆಯ ಪದಗಳು

ಮಂಕನ್ನು ಸೂಚಿಸುವ ಕ್ರಿಯಾವಿಶೇಷಣಗಳು ಇಂಗ್ಲಿಷಿನಲ್ಲಿ ಹಲವಿವೆ. ಅವುಗಳ ನಡುವಿನ ವ್ಯತ್ಯಾಸ ಹೀಗಿದೆ:

ಗ್ಲೂಮಿಲಿ: ಮುಂದೆ ಒಳ್ಳೆಯದಾಗಲಾರದು ಎಂಬ ಭಾವದಿಂದ. ಮುಖ ಗಂಟಿಕ್ಕುವುದು ಎಂಬ ಹಳೆಯ ಅರ್ಥದಿಂದ ಬಂದ ಪದ. ಬೆಳಕಿನ ಕೊರತೆಗೂ ಸಲ್ಲುತ್ತದೆ.

ಗ್ಲಮ್ಲಿ: ಮಾತು ಬಿಟ್ಟು, ಮುಖ ಊದಿಸಿಕೊಂಡು. ಆಟಕ್ಕೆ ಬಿಡದಿದ್ದಾಗ ಮಗು ಮೂಲೆಯಲ್ಲಿ ಕೂರುವ ರೀತಿ.

ಮೊರೋಸ್ಲಿ: ಸಿಡುಕಿನಿಂದ ಕೂಡಿದ ಮಂಕು. ಇಲ್ಲಿ ದುಃಖಕ್ಕಿಂತ ಅಸಹನೆ ಹೆಚ್ಚು.

ಡೋಲ್ಫುಲಿ: ನೋಡಿದವರಿಗೆ ಕನಿಕರ ಹುಟ್ಟುವಂತೆ, ಅಳುಮೋರೆಯಿಂದ.

ಬ್ಲೀಕ್ಲಿ: ಯಾವ ಆಸರೆಯೂ ಕಾಣದ ಬೋಳುತನ. ಬಯಲು, ಚಳಿಗಾಳಿ, ಭವಿಷ್ಯ ಇವುಗಳ ವರ್ಣನೆಗೆ ಒಗ್ಗುತ್ತದೆ.

ಅಬಿಸ್ಮಲಿ: ತಳವಿಲ್ಲದ ಪ್ರಪಾತ ಎಂಬ ಪದದಿಂದ ಬಂದದ್ದು. ಧ್ವನಿಯಲ್ಲಿ ‘ಡಿಸ್ಮಲಿ’ಗೆ ಹತ್ತಿರವಾದರೂ ಮೂಲ ಬೇರೆ. ಇದಕ್ಕೆ ಕಳಪೆಯ ಅರ್ಥವೇ ಮುಖ್ಯ. ಮಳೆಯನ್ನು ಯಾರೂ ‘ಅಬಿಸ್ಮಲಿ’ ನೋಡುವುದಿಲ್ಲ.

‘ಡಿಸ್ಮೇ’ ಎಂಬ ಪದವೂ ನೋಟಕ್ಕೆ ‘ಡಿಸ್ಮಲ್’ನ ಒಡಹುಟ್ಟಿನಂತಿದೆ. ವಾಸ್ತವವಾಗಿ ಅವೆರಡಕ್ಕೂ ಸಂಬಂಧವಿಲ್ಲ. ಧೈರ್ಯಗೆಡಿಸು ಎಂಬ ಅರ್ಥದ ಅದರ ಬೇರು ಶಕ್ತಿ ಎಂಬುದನ್ನು ಸೂಚಿಸುವ ಬೇರೊಂದು ಪದದಲ್ಲಿದೆ.

ಕನ್ನಡಕ್ಕೆ ತರುವಾಗ

ಭಾವದ ಅರ್ಥವನ್ನು ಕನ್ನಡಕ್ಕೆ ತರಲು ‘ವಿಷಣ್ಣನಾಗಿ’, ‘ಮಂಕಾಗಿ’, ‘ನಿರಾಶೆಯಿಂದ’ ಎಂಬ ಗ್ರಂಥಸ್ಥ ರೂಪಗಳಿವೆ. ಆದರೆ ಕನ್ನಡದ ಜಾಯಮಾನ ಬೇರೆ. ಮನಸ್ಸಿನ ಮಂಕನ್ನು ನಮ್ಮ ಭಾಷೆ ಹೆಚ್ಚಾಗಿ ಮೈಯ ಮೂಲಕ, ಅದರಲ್ಲೂ ಮುಖದ ಮೂಲಕ ಹೇಳುತ್ತದೆ. ಜೋಲುಮೋರೆ ಹಾಕಿಕೊಂಡು, ಮುಖ ಬಾಡಿಸಿಕೊಂಡು, ಪೆಚ್ಚುಮೋರೆಯಿಂದ, ತಲೆಯ ಮೇಲೆ ಕೈಹೊತ್ತು ಎಂಬ ಮಾತುಗಳು ಇಂಗ್ಲಿಷಿನ ಒಂದು ಕ್ರಿಯಾವಿಶೇಷಣ ಮಾಡುವ ಕೆಲಸವನ್ನು ಇನ್ನಷ್ಟು ಸ್ಪಷ್ಟವಾಗಿ ಮಾಡುತ್ತವೆ. ‘ಮುದುಕ ಡಿಸ್ಮಲಿ ಮಳೆ ನೋಡಿದ’ ಎಂಬುದನ್ನು ‘ಮುದುಕ ಮುಖ ಬಾಡಿಸಿಕೊಂಡು ಮಳೆ ನೋಡುತ್ತ ಕುಳಿತ’ ಎಂದರೆ ಅನುವಾದದ ವಾಸನೆಯೇ ಇರುವುದಿಲ್ಲ.

ಅಳತೆಯ ಅರ್ಥಕ್ಕೆ ಪತ್ರಿಕೆಗಳು ರೂಢಿಸಿಕೊಂಡಿರುವ ‘ಹೀನಾಯವಾಗಿ ಸೋತಿತು’ ಎಂಬ ಪ್ರಯೋಗ ಸರಿಹೊಂದುತ್ತದೆ. ಚಿತ್ರವಾದರೆ ತೋಪಾಯಿತು, ಬೆಳೆ ಅಥವಾ ಬೆಲೆಯಾದರೆ ನೆಲಕಚ್ಚಿತು, ಕುಸ್ತಿಯಾದರೆ ಮಣ್ಣುಮುಕ್ಕಿದ ಎನ್ನಬಹುದು. ಪ್ರಮಾಣದ ಮಾತಾದರೆ ‘ತೀರ ಕಡಿಮೆ’ ಎಂದರೆ ಸಾಕು. ‘ಅಣೆಕಟ್ಟೆಯ ನೀರಿನ ಮಟ್ಟ ವಿಷಾದಕರವಾಗಿ ಕಡಿಮೆಯಾಗಿದೆ’ ಎಂಬಂತಹ ವಾಕ್ಯಗಳಲ್ಲಿ ವಿಷಾದ ನೀರಿಗೋ ವರದಿಗಾರನಿಗೋ ಎಂಬುದು ತಿಳಿಯುವುದಿಲ್ಲ.

ಎರಡು ಎಚ್ಚರಿಕೆಗಳು

ಮೊದಲನೆಯದು ‘ಖಿನ್ನತೆ’ ಎಂಬ ಪದದ ಕುರಿತು. ಹಿಂದೆ ಇದನ್ನು ಸಾಮಾನ್ಯ ಬೇಸರಕ್ಕೂ ಬಳಸಲಾಗುತ್ತಿತ್ತು. ಈಗ ವೈದ್ಯರೂ ಪತ್ರಿಕೆಗಳೂ ಇದನ್ನು ಚಿಕಿತ್ಸೆ ಬೇಕಾದ ಒಂದು ಮಾನಸಿಕ ಕಾಯಿಲೆಯ ಹೆಸರಾಗಿ ಬಳಸುತ್ತಿದ್ದಾರೆ. ಪಂದ್ಯ ಸೋತ ಆಟಗಾರ ‘ಖಿನ್ನತೆಯಿಂದ’ ಮೈದಾನ ಬಿಟ್ಟ ಎಂದು ಬರೆದರೆ ಒಂದು ಸಂಜೆಯ ಬೇಸರವನ್ನು ಕಾಯಿಲೆಯಾಗಿಸಿದಂತೆ. ಇದರ ಮರುಮುಖ ಇನ್ನೂ ಅಪಾಯಕಾರಿ. ವಾರಗಟ್ಟಲೆ ಊಟ, ನಿದ್ರೆ, ಆಸಕ್ತಿ ಕಳೆದುಕೊಂಡವರ ನಿಜವಾದ ಖಿನ್ನತೆಯನ್ನು ಮನೆಯವರು ‘ಸುಮ್ಮನೆ ಮುಖ ಬಾಡಿಸಿಕೊಂಡಿದ್ದಾನೆ’ ಎಂದು ತಳ್ಳಿಹಾಕಿಬಿಡಬಹುದು. ‘ಡಿಸ್ಮಲಿ’ ಎಂಬುದು ನೋಟದ ವರ್ಣನೆ, ಖಿನ್ನತೆ ರೋಗದ ಹೆಸರು. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಾರದು. ಅಂತಹ ಸ್ಥಿತಿಯಲ್ಲಿರುವವರಿಗೆ ನೆರವಾಗಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416.

ಎರಡನೆಯದು ಮನುಷ್ಯರ ಬಗ್ಗೆ ತೀರ್ಪು ನೀಡುವಾಗ ಬೇಕಾದ ಸಂಯಮ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ದಿನ ಕೊನೆಯ ಸ್ಥಾನಕ್ಕಿಳಿದ ಜಿಲ್ಲೆಯ ಬಗ್ಗೆ, ಶಾಲೆಯ ಬಗ್ಗೆ, ಕೆಲವೊಮ್ಮೆ ಮಕ್ಕಳ ಬಗ್ಗೆಯೇ ಇಂತಹ ಪದಗಳು ಧಾರಾಳವಾಗಿ ಉದುರುತ್ತವೆ. ‘ಫಲಿತಾಂಶ ತೀರ ಕಡಿಮೆ’ ಎಂಬುದು ಅಂಕಿಸಂಖ್ಯೆಯ ಮಾತು. ‘ಹೀನಾಯವಾಗಿ ನಪಾಸಾದ ವಿದ್ಯಾರ್ಥಿ’ ಎಂಬುದು ಹದಿನೈದು-ಹದಿನಾರರ ಹುಡುಗನ ಮೇಲೆ ಒತ್ತಿದ ಮುದ್ರೆ. ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಕ್ರಿಯೆಗೆ ಅಂಟಿಕೊಳ್ಳುತ್ತದೆ, ಕರ್ತೃವಿಗಲ್ಲ. ಆತ ಆ ಸಲ ಬರೆದದ್ದು ಕಳಪೆಯಾಗಿತ್ತು ಎಂದಷ್ಟೇ ಅದರ ಅರ್ಥ. ಅನುವಾದದಲ್ಲಿ ಅದನ್ನು ವಿಶೇಷಣವಾಗಿಸಿ ಹುಡುಗನಿಗೇ ಅಂಟಿಸಿದರೆ ವ್ಯಾಕರಣವೂ ಕೆಡುತ್ತದೆ, ಅನ್ಯಾಯವೂ ಆಗುತ್ತದೆ.

ಸಾರಾಂಶ

‘ಡಿಸ್ಮಲಿ’ ಎಂಬುದಕ್ಕೆ ಮಂಕಾಗಿ ಎಂಬ ಭಾವದ ಅರ್ಥವೂ ತೀರ ಕಳಪೆಯಾಗಿ ಎಂಬ ಅಳತೆಯ ಅರ್ಥವೂ ಇವೆ. ಯಾವುದು ಎಲ್ಲಿ ಎಂಬುದನ್ನು ಪಕ್ಕದ ಪದ ನೋಡಿ ನಿರ್ಧರಿಸಬೇಕು. ಭಾವಕ್ಕೆ ಕನ್ನಡದ ಮುಖವರ್ಣನೆಯ ನುಡಿಗಟ್ಟುಗಳು, ಅಳತೆಗೆ ‘ತೀರ’, ‘ಹೀನಾಯವಾಗಿ’ ಮುಂತಾದವು ಒಗ್ಗುತ್ತವೆ. ಬಳಸುವ ಮುನ್ನ ಪದದ ಮೂಲವನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ವರ್ಷದ 365 ದಿನಗಳಲ್ಲಿ 24 ದಿನ ಕೆಟ್ಟವು ಎಂದು ನಂಬಿದ್ದ ಆ ಪಂಚಾಂಗದವರೂ ಉಳಿದ 341 ದಿನಗಳನ್ನು ಕೆಲಸಕ್ಕೆ ಒಳ್ಳೆಯವೆಂದೇ ಬಿಟ್ಟಿದ್ದರು.